ಉಗಿ ಎಂಜಿನ್ನಿಗೆ ‘ಬಾಳಿಕೆ’ಯೋ ‘ಆಯುಷ್ಯ’ವೋ? ‘ಕಂಡಮ್’ ಬರಹಕ್ಕೆ ಸಲ್ಲುತ್ತದೆಯೇ?

ಮಿತ್ರರೇ,

ಬಳ್ಳಾರಿಯ ಶಾಲಾ ಮಕ್ಕಳಿಗಾಗಿ ಡಾರ್ಜಿಲಿಂಗ್ ಬೆಟ್ಟದ ಹಳೆಯ ಉಗಿ ಎಂಜಿನ್ ಬಗ್ಗೆ ಲೇಖನವೊಂದನ್ನು ಬರೆಯುತ್ತಿದ್ದೇನೆ. ಅದು ಓಡುವುದು 610 ಮಿಲಿಮೀಟರ್ ಅಗಲದ ನ್ಯಾರೋ ಗೇಜ್ ಹಳಿಯ ಮೇಲೆ. ನಮ್ಮ ಗುಂತಕಲ್–ಬಳ್ಳಾರಿ–ಹೊಸಪೇಟೆ ಮಾರ್ಗದಲ್ಲಿ ಹಿಂದೆ ಇದ್ದದ್ದು ಸಾವಿರ ಮಿಲಿಮೀಟರಿನ ಮೀಟರ್ ಗೇಜ್. ಇಲ್ಲಿನ ಕೆಲವು ಹಿರಿಯರು ಅದನ್ನೂ ನ್ಯಾರೋ ಗೇಜ್ ಎಂದುಬಿಡುತ್ತಾರೆ. ಅದನ್ನು ಒಂದು ಸಾಲಿನಲ್ಲಿ ತಿದ್ದಬಹುದು. ನಾನು ಸಿಕ್ಕಿಕೊಂಡಿರುವುದು ಬೇರೆ ಕಡೆ.

ಗ್ಲಾಸ್ಗೋದ ಶಾರ್ಪ್ ಸ್ಟೀವರ್ಟ್ ಕಂಪನಿ ಡಾರ್ಜಿಲಿಂಗ್ ರೈಲಿನ ‘ಬಿ’ ವರ್ಗದ ಮೊದಲ ಎಂಜಿನ್‌ಗಳನ್ನು 1889ರಲ್ಲಿ ತಯಾರಿಸಿತು. ಆ ವರ್ಗದ ಕೆಲವು ನೂರು ವರ್ಷ ದಾಟಿದ ಮೇಲೂ ಬೆಟ್ಟ ಹತ್ತಿವೆ. ಇದನ್ನು ‘ಬಾಳಿಕೆ’ ಎನ್ನಬೇಕೋ, ‘ಆಯುಷ್ಯ’ ಎನ್ನಬೇಕೋ? ‘ಜೀವಿತಾವಧಿ’ಗೆ ಕಡತದ ವಾಸನೆ ಇದೆ, ಅದು ಬೇಡ.

ಬಾಳಿಕೆ ಎಂದರೆ ಸವೆಯದೆ ಉಳಿಯುವುದು. ಚಪ್ಪಲಿ, ಪಾತ್ರೆ, ಸೀರೆಗೆ ಹೇಳುವ ಮಾತು. ಆದರೆ ಉಗಿ ಎಂಜಿನ್ ಸವೆಯದೆ ಉಳಿದದ್ದಲ್ಲ, ಸವೆಯುತ್ತಲೇ ಉಳಿದದ್ದು. ಗಡಸು ನೀರು ಬಾಯ್ಲರಿನೊಳಗೆ ಸುಣ್ಣದ ಪದರ ಕಟ್ಟುತ್ತದೆ. ಆಗಾಗ ಬೆಂಕಿ ಆರಿಸಿ, ತಣಿಸಿ, ಅದನ್ನು ತೊಳೆಯಬೇಕು. ಬಿಸಿ ಹೊಗೆ ಹಾಯುವ ಕೊಳವೆಗಳು ತಿಂದುಹೋದರೆ ಹೊಸವನ್ನು ಕೂರಿಸುತ್ತಾರೆ. ಎತ್ತಿನ ಬಂಡಿಯ ಗಾಲಿಗೆ ಕಬ್ಬಿಣದ ಪಟ್ಟಿಯನ್ನು ಕಾಯಿಸಿ ಏರಿಸುವಂತೆಯೇ ಎಂಜಿನ್ ಚಕ್ರಕ್ಕೂ ಉಕ್ಕಿನ ಪಟ್ಟಿ ಏರಿಸುತ್ತಾರೆ. ಸವೆದರೆ ಲೇತಿಗೆ ಕೊಟ್ಟು ಸಮ ಮಾಡುತ್ತಾರೆ, ತೀರಾ ತೆಳುವಾದರೆ ಬದಲಿಸುತ್ತಾರೆ. ಒಂದರ ಬಾಯ್ಲರ್ ಅದೇ ವರ್ಗದ ಇನ್ನೊಂದಕ್ಕೆ ಹೋಗುವುದೂ ಉಂಟು. ಹಾಗಾಗಿ ಕೊಳವೆಗೆ, ಪಟ್ಟಿಗೆ, ಬಾಯ್ಲರಿಗೆ ‘ಬಾಳಿಕೆ’, ಇಡೀ ಎಂಜಿನ್ನಿಗೆ ‘ಆಯುಷ್ಯ’ ಎಂದು ಹಂಚಿಕೊಂಡಿದ್ದೇನೆ. ಜೀವವಿಲ್ಲದ್ದಕ್ಕೆ ಆಯುಷ್ಯ ಹೇಗೆ ಎಂಬ ಆಕ್ಷೇಪ ಬರಬಹುದು. ಸೇತುವೆಗೂ ಅಣೆಕಟ್ಟಿಗೂ ಪತ್ರಿಕೆಗಳು ಆಯುಷ್ಯವನ್ನು ಕೊಟ್ಟಾಗಿದೆ.

ಕೊನೆಗಾಲದ ಪದ ಇನ್ನೂ ಕಷ್ಟ. ರೈಲ್ವೆಯವರ ಬಾಯಲ್ಲಿ ‘ಡೆಡ್ ಎಂಜಿನ್’ ಎಂದರೆ ತನ್ನ ಬಲದಿಂದ ಓಡದೆ ಬೇರೆ ಎಂಜಿನ್ ಎಳೆದೊಯ್ಯುವ ಎಂಜಿನ್. ನಾಳೆ ಬೆಂಕಿ ಹಾಕಿದರೆ ಅದೇ ಓಡಬಹುದು. ‘ಸತ್ತ ಎಂಜಿನ್’ ಎಂದು ಕನ್ನಡಿಸಿದರೆ ಮಕ್ಕಳು ತಿಥಿ ಮಾಡಿಬಿಡುತ್ತಾರೆ. ಇನ್ನು ‘ನಿವೃತ್ತಿ’: ನಿಲ್ದಾಣದ ಮುಂದೆ ಬಣ್ಣ ಬಳಿದು ನಿಲ್ಲಿಸಿದ ಎಂಜಿನ್ನಿಗೆ ಅದು ಒಪ್ಪೀತು, ಗ್ಯಾಸ್ ಕಟ್ಟರಿನಿಂದ ತುಂಡರಿಸಿದ್ದಕ್ಕೆ ಒಪ್ಪದು. ‘ಗುಜರಿ’ ಅದು ಹೋಗಿ ಸೇರುವ ಜಾಗವನ್ನು ಹೇಳುತ್ತದೆ, ಇನ್ನು ಬಳಕೆಗೆ ಬಾರದು ಎಂಬ ತೀರ್ಮಾನವನ್ನಲ್ಲ.

ತೀರ್ಮಾನಕ್ಕೆ ನಮ್ಮಲ್ಲಿ ಇರುವ ಮಾತು ‘ಕಂಡಮ್’. ಬಸ್ಸು, ಜೀಪು, ಶಾಲೆಯ ಕೊಠಡಿ, ಎಲ್ಲಕ್ಕೂ ಅದೇ. ಇಂಗ್ಲಿಷಿನಿಂದ ಬಂದು ಕನ್ನಡದ ‘ಆಗು’, ‘ಮಾಡು’ ಎರಡನ್ನೂ ಕೂಡಿಕೊಂಡಿದೆ. ಎರಡಕ್ಕೂ ವ್ಯತ್ಯಾಸವಿದೆ. ‘ಕಂಡಮ್ ಆಯಿತು’ ಎಂದರೆ ತಾನಾಗಿ ಕೆಟ್ಟಂತೆ. ‘ಕಂಡಮ್ ಮಾಡಿದರು’ ಎಂದರೆ ಯಾರೋ ಸಹಿ ಹಾಕಿದರು. ಪಶ್ಚಿಮ ಬಂಗಾಳದ ಚಿತ್ತರಂಜನ್ ರೈಲು ಎಂಜಿನ್ ಕಾರ್ಖಾನೆಯ ಕೊನೆಯ ಉಗಿ ಎಂಜಿನ್, ಮೀಟರ್ ಗೇಜಿನಲ್ಲಿ ಸರಕು ಎಳೆಯುವ ‘ವೈಜಿ’ ವರ್ಗದ್ದು, 1972ರಲ್ಲಿ ಹೊರಬಂತು. ಆ ಶತಮಾನ ಮುಗಿಯುವಷ್ಟರಲ್ಲಿ, ನೀಲಗಿರಿ ಬೆಟ್ಟದ ರೈಲನ್ನು ಬಿಟ್ಟರೆ, ಮೀಟರ್ ಗೇಜಿನ ದಿನನಿತ್ಯದ ಉಗಿ ಓಡಾಟವೇ ನಿಂತಿತ್ತು. ಅಷ್ಟು ಎಳೆಯ ಎಂಜಿನ್‌ಗಳು ತಾವಾಗಿ ಕೆಟ್ಟವಲ್ಲ. ಡೀಸೆಲ್ ಬಂತು, ಹಳಿ ಅಗಲವಾಯಿತು. ಅವಕ್ಕೆ ‘ಮಾಡಿದರು’ ಎಂಬುದೇ ಸರಿ ಎಂದು ನನ್ನ ವಾದ.

ಕೊಪ್ಪಳ, ರಾಯಚೂರು ಕಡೆಯವರು ತಿಳಿಸಬೇಕು: ಗಂಗಾವತಿಯ ಅಕ್ಕಿ ಗಿರಣಿಯ ಬಾಯ್ಲರಿಗೆ, ರಾಯಚೂರಿನ ಹತ್ತಿ ಜಿನ್ನಿಂಗ್ ಯಂತ್ರಕ್ಕೆ ಕೊನೆ ಬಂದಾಗ ಅಲ್ಲಿಯೂ ‘ಕಂಡಮ್’ ಎನ್ನುತ್ತಾರೆಯೇ? ಬೇರೆ ಮಾತಿದ್ದರೆ ಅದು ‘ಆಗು’ವಿನೊಡನೆ ಬರುತ್ತದೆಯೋ ‘ಮಾಡು’ವಿನೊಡನೆಯೋ, ವಾಕ್ಯಸಮೇತ ಬರೆಯಿರಿ.