ವಾರ್ಡಿನಲ್ಲಿ ಉಪಶಮನ ಆರೈಕೆ ಯಾರಿಗೆ ಬೇಕಿದೆ?

ಪ್ರಶ್ನೆ (ಶುಶ್ರೂಷಕಿ): ಮೇಡಂ, ನಮ್ಮ ವಾರ್ಡಿನಿಂದ ಉಪಶಮನ ಆರೈಕೆ (ಗಂಭೀರ ಕಾಯಿಲೆಯವರ ನೋವು, ನರಳಾಟ ತಗ್ಗಿಸುವ ಆರೈಕೆ) ತಂಡಕ್ಕೆ ಹೋಗುವವರು ಕೊನೆಯ ಹಂತದ ಕ್ಯಾನ್ಸರ್ ರೋಗಿಗಳು ಮಾತ್ರ. ಹೃದಯ, ಶ್ವಾಸಕೋಶದ ಕಾಯಿಲೆಯಿಂದ ಮತ್ತೆ ಮತ್ತೆ ದಾಖಲಾಗುವವರ ಬಗ್ಗೆ ಯಾರೂ ಮಾತೆತ್ತುವುದಿಲ್ಲ. ಯಾರಿಗೆ ಬೇಕೆಂದು ಗುರುತಿಸುವುದು ಹೇಗೆ?

ಉತ್ತರ (ಉಪಶಮನ ಆರೈಕೆ ವೈದ್ಯೆ): ಮೊದಲ ಸುಳಿವನ್ನು ನೀವೇ ಹೇಳಿದ್ದೀರಿ: ಮತ್ತೆ ಮತ್ತೆ ತುರ್ತಾಗಿ ದಾಖಲಾಗುವುದು. ಎಡಿನ್‌ಬರೋದಲ್ಲಿ ರೂಪುಗೊಂಡ ‘ಸ್ಪಿಕ್ಟ್’ ಎಂಬ ಒಂದೇ ಪುಟದ ಪಟ್ಟಿ ಇಂಥ ಸುಳಿವುಗಳನ್ನೇ ಹುಡುಕುತ್ತದೆ. ದಿನದ ಅರ್ಧಕ್ಕಿಂತ ಹೆಚ್ಚು ಹೊತ್ತು ಹಾಸಿಗೆ ಅಥವಾ ಕುರ್ಚಿಯಲ್ಲೇ ಕಳೆಯುವುದು, ಕೆಲವೇ ತಿಂಗಳಲ್ಲಿ ಎದ್ದು ಕಾಣುವಷ್ಟು ತೂಕ ಇಳಿಯುವುದು, ಸ್ನಾನ ಊಟಗಳಿಗೂ ಇನ್ನೊಬ್ಬರ ಕೈ ಬೇಕಾಗುವುದು, ಸರಿಯಾದ ಚಿಕಿತ್ಸೆ ನಡೆದಿದ್ದರೂ ನೋವು, ಉಬ್ಬಸ ತಗ್ಗದಿರುವುದು. ಇದರ ಮೇಲೆ ಆಯಾ ಕಾಯಿಲೆಯ ಲಕ್ಷಣಗಳು ಬೇರೆ. ಹೃದಯ ವೈಫಲ್ಯದಲ್ಲಿ ಕುಳಿತಲ್ಲೇ ಏದುಸಿರು, ಶ್ವಾಸಕೋಶದ ಕಾಯಿಲೆಯಲ್ಲಿ ಮನೆಯಲ್ಲೂ ಆಮ್ಲಜನಕ ಬೇಕಾಗುವುದು, ಯಕೃತ್ತಿನ ಕಾಯಿಲೆಯಲ್ಲಿ ಹೊಟ್ಟೆಯಲ್ಲಿ ತುಂಬುತ್ತಲೇ ಇರುವ ನೀರು.

ಇವುಗಳಲ್ಲಿ ಹೆಚ್ಚಿನವು ಸ್ಕ್ಯಾನ್ ವರದಿಯಲ್ಲಿ ಸಿಗುವುದಿಲ್ಲ. ಹಾಸಿಗೆಯ ಪಕ್ಕದಲ್ಲಿ ನಿಲ್ಲುವವರಿಗೆ, ಅಂದರೆ ನಿಮಗೆ, ಮೊದಲು ಕಾಣುತ್ತವೆ. ‘ಹೋದ ಸಲ ನಡೆದು ಬಂದಿದ್ದರು, ಈ ಸಲ ಸ್ಟ್ರೆಚರ್’ ಎಂಬ ನಿಮ್ಮ ಒಂದು ಸಾಲು ರೌಂಡ್ಸಿನಲ್ಲಿ ತುಂಬಾ ಬೆಲೆಯುಳ್ಳದ್ದು. ಹಿಂಜರಿಯದೆ ಹೇಳಿ.

ಮರುಪ್ರಶ್ನೆ (ಕಿರಿಯ ವೈದ್ಯ): ‘ಈ ರೋಗಿ ವರ್ಷದೊಳಗೆ ತೀರಿಕೊಂಡರೆ ನನಗೆ ಆಶ್ಚರ್ಯವಾಗುವುದೇ?’ ಎಂದು ಕೇಳಿಕೊಳ್ಳುವ ಪದ್ಧತಿ ಇದೆಯಲ್ಲ, ಅಷ್ಟು ಸಾಲದೇ?

ಉತ್ತರ: ಸಾಲದು. ಕ್ಯಾನ್ಸರಿನಲ್ಲಿ ಆ ಪ್ರಶ್ನೆ ತಕ್ಕಮಟ್ಟಿಗೆ ಕೆಲಸ ಮಾಡುತ್ತದೆ, ಉಳಿದ ಕಾಯಿಲೆಗಳಲ್ಲಿ ಎಡವುವುದೇ ಹೆಚ್ಚು. ಹೃದಯ ವೈಫಲ್ಯದವರು ಸಾವಿನಂಚಿಗೆ ಹೋಗಿ ಚೇತರಿಸಿಕೊಂಡು ಮನೆಗೆ ಹೋಗುತ್ತಾರೆ. ಅಲ್ಲಿ ಯಾರ ಊಹೆಯೂ ನಿಲ್ಲುವುದಿಲ್ಲ. ‘ಆಶ್ಚರ್ಯವಾಗದು’ ಎಂಬ ಉತ್ತರ ಬಂದರೆ ರೋಗಿಯನ್ನು ಇನ್ನಷ್ಟು ಗಮನಿಸಿ ನೋಡಿ, ಅಷ್ಟೇ. ‘ಆಶ್ಚರ್ಯವಾದೀತು’ ಎಂದು ಬಂದರೂ ನರಳುತ್ತಿರುವವರನ್ನು ಬಿಡಬೇಡಿ. ಆಯುಸ್ಸನ್ನು ಲೆಕ್ಕ ಹಾಕುವುದು ನಮ್ಮ ಕೆಲಸವಲ್ಲ, ಅಗತ್ಯವನ್ನು ಅಳೆಯುವುದು ನಮ್ಮ ಕೆಲಸ.

ಹಾಗೆಂದು ಇಂಥವರು ವಾರ್ಡಿನಲ್ಲಿ ವಿರಳ ಎಂದುಕೊಳ್ಳಬೇಡಿ. ಸ್ಕಾಟ್ಲೆಂಡಿನ 25 ಆಸ್ಪತ್ರೆಗಳಲ್ಲಿ 2010ರ ಒಂದು ದಿನ ಒಳರೋಗಿಗಳಾಗಿದ್ದ ಹತ್ತು ಸಾವಿರಕ್ಕೂ ಹೆಚ್ಚು ಮಂದಿಯನ್ನು ಹಿಂಬಾಲಿಸಿದಾಗ, ಶೇ 28.8ರಷ್ಟು ಜನ ವರ್ಷದೊಳಗೆ ತೀರಿಕೊಂಡಿದ್ದರು.

ಮರುಪ್ರಶ್ನೆ (ರೋಗಿಯ ಮಗಳು): ಅಪ್ಪನಿಗೆ ಡಿಮೆನ್ಷಿಯಾ (ಮರೆವಿನ ಕಾಯಿಲೆ). ನುಂಗಲು ಕಷ್ಟ, ಎರಡು ಸಲ ನ್ಯುಮೋನಿಯಾ ಆಯಿತು. ಉಪಶಮನ ಆರೈಕೆ ಕೇಳಿದರೆ ಚಿಕಿತ್ಸೆ ನಿಲ್ಲಿಸಿಬಿಡುತ್ತಾರೆಯೇ?

ಉತ್ತರ: ಇಲ್ಲಮ್ಮ. ಆ್ಯಂಟಿಬಯಾಟಿಕ್ ಬೇಕಾದಾಗ ಅದೂ ಇರುತ್ತದೆ, ಜೊತೆಗೆ ಇದೂ ಇರುತ್ತದೆ. ಹರಡಿದ ಶ್ವಾಸಕೋಶದ ಕ್ಯಾನ್ಸರ್ ಇದ್ದವರ ಮೇಲೆ ಅಮೆರಿಕದಲ್ಲಿ ನಡೆದು 2010ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಮೊದಲಿನಿಂದಲೇ ಕ್ಯಾನ್ಸರ್ ಚಿಕಿತ್ಸೆ, ಉಪಶಮನ ಆರೈಕೆ ಎರಡನ್ನೂ ಪಡೆದವರ ಬದುಕಿನ ಗುಣಮಟ್ಟ ಉತ್ತಮವಾಗಿತ್ತು. ಕೊನೆಯ ದಿನಗಳಲ್ಲಿ ತೀವ್ರ ಚಿಕಿತ್ಸೆ ಪಡೆದವರು ಅವರಲ್ಲಿ ಕಡಿಮೆ, ಆದರೂ ಅವರು ಸರಾಸರಿ ಹೆಚ್ಚು ಕಾಲ ಬದುಕಿದ್ದರು. ನಿಮ್ಮ ತಂದೆಯ ಕಾಯಿಲೆ ಬೇರೆ, ಆ ಫಲಿತಾಂಶವನ್ನು ನೇರವಾಗಿ ಅವರಿಗೆ ಹೊಂದಿಸಲಾರೆ. ಆದರೆ ನುಂಗಲಾಗದಿರುವುದು, ಮರುಕಳಿಸುವ ನ್ಯುಮೋನಿಯಾ ಎರಡೂ ನಾನು ಮೇಲೆ ಹೇಳಿದಂಥ ಸುಳಿವುಗಳೇ. ಅವರನ್ನು ನೋಡುತ್ತಿರುವ ವೈದ್ಯರನ್ನು ನೇರವಾಗಿ ಕೇಳಿ: ಮುಂದಿನ ಸಲ ಉಸಿರಾಟ ಕೆಟ್ಟರೆ ಏನು ಮಾಡುವುದು, ಮನೆಯಲ್ಲಿ ಏನು ಸಾಧ್ಯ, ಕೊಳವೆಯಿಂದ ಆಹಾರ ಕೊಡುವುದರಿಂದ ಅವರಿಗೆ ಲಾಭವಿದೆಯೇ? ಅಪ್ಪ ಚೆನ್ನಾಗಿದ್ದಾಗ ಈ ಬಗ್ಗೆ ಏನಾದರೂ ಹೇಳಿದ್ದರೆ ಅದನ್ನು ಕೇಸ್ ಶೀಟಿನಲ್ಲಿ ಬರೆಸಿ.