ಪದ ಬೇಕು: ‘ಡಿಜಿಟಲ್ ಸ್ಕಲ್ಪ್ಟಿಂಗ್’ – ಚಿನ್ನದ ಅಂಗಡಿಯ ಬೋರ್ಡಿಗೆ, ಸ್ವಲ್ಪ ಅರ್ಜೆಂಟ್

ಕಡಲತಡಿ ಬರೆದದ್ದು:

ಎಲ್ಲರಿಗೂ ನಮಸ್ಕಾರ. ನಾಳೆ ಹನ್ನೊಂದು ಗಂಟೆಗೆ ಬೋರ್ಡಿನವರು ಅಕ್ಷರ ಕತ್ತರಿಸಲು ಶುರು ಮಾಡುತ್ತಾರೆ. ಅಷ್ಟರೊಳಗೆ ಒಂದು ಪದ ಬೇಕು.

ನಮ್ಮದು ಉಡುಪಿ ಹತ್ತಿರ ಸಣ್ಣ ಚಿನ್ನದ ಕೆಲಸದ ಅಂಗಡಿ. ಅಪ್ಪ ಹಳೇ ಕಾಲದ ಕೈಕೆಲಸದವರು. ನಾನು ಕಂಪ್ಯೂಟರಿನಲ್ಲಿ ಒಡವೆಯ ಆಕಾರ ಮಾಡುತ್ತೇನೆ. ಕ್ಯಾಡ್ ಅಲ್ಲ. ಕ್ಯಾಡಿನಲ್ಲಿ ಅಳತೆ ಕೊಟ್ಟು ಗೆರೆ ಎಳೆಯಬೇಕು. ಉಂಗುರದ ಬಳೆ, ಹರಳು ಕೂರುವ ಜಾಗ ಇಂಥದ್ದಕ್ಕೆ ಅದು ಸರಿ. ನಾನು ಕೇಳುತ್ತಿರುವುದು ಜೀಬ್ರಷ್, ಬ್ಲೆಂಡರ್ ಥರದ ಸಾಫ್ಟ್‌ವೇರಿನ ಕೆಲಸ. ತೆರೆಯ ಮೇಲೆ ಮಣ್ಣಿನ ಉಂಡೆ ಇದ್ದ ಹಾಗೆ ಇರುತ್ತದೆ. ಪೆನ್ನು ಹಿಡಿದು ಅದನ್ನು ಒತ್ತುವುದು, ಎಳೆಯುವುದು, ಚಿವುಟುವುದು, ನಯ ಮಾಡುವುದು.

ಮುಗಿದ ಮೇಲೆ ಅದು ಮೇಣದಂಥ ರಾಳದಲ್ಲಿ ಪ್ರಿಂಟ್ ಆಗುತ್ತದೆ. ಸುತ್ತ ಜಿಪ್ಸಮ್ ಕಲಸಿ ಹೊಯ್ದು, ಗಂಟೆಗಟ್ಟಲೆ ಕುಲುಮೆಯಲ್ಲಿಟ್ಟರೆ ರಾಳ ಉರಿದುಹೋಗಿ ಟೊಳ್ಳು ಉಳಿಯುತ್ತದೆ. ಆ ಟೊಳ್ಳಿಗೆ ಚಿನ್ನ. ಆಮೇಲೆ ಅಪ್ಪನ ಸರದಿ: ಅರ ಹಾಕುವುದು, ಬೆಸುಗೆ, ನಕಾಸಿ, ಹರಳು ಕೂರಿಸುವುದು, ಮೆರುಗು.

ಹೋದ ತಿಂಗಳು ಕೊಡಗಿನವರೊಬ್ಬರು ಅಜ್ಜಿಯ ಕೊಕ್ಕೆತಾತಿ ಎಂಬ ಕೊರಳ ಒಡವೆ ತಂದಿದ್ದರು. ಅರ್ಧಚಂದ್ರ ಚೆನ್ನಾಗಿತ್ತು, ಮೇಲಿನ ನಾಗರ ಹೆಡೆ ಸವೆದು ಹೋಗಿತ್ತು. ಹೆಡೆಯನ್ನು ನಾನು ತೆರೆಯ ಮೇಲೆ ಮಾಡಿದೆ. ಕೂಡಿಸಿದ್ದು ಅಪ್ಪ. ಎಲ್ಲಿ ಕೂಡಿತು ಎಂದು ತಂದವರಿಗೇ ಗೊತ್ತಾಗಲಿಲ್ಲ. ಇಂಥ ಕೆಲಸಕ್ಕೆ ಬೋರ್ಡಿನಲ್ಲಿ ಏನು ಬರೆಯಲಿ?

‘ಡಿಜಿಟಲ್ ಸ್ಕಲ್ಪ್ಟಿಂಗ್’ ಎಂದೇ ಹಾಕೋಣ ಅಂದೆ. ಬೋರ್ಡಿನವರು ಒಪ್ಪುತ್ತಿಲ್ಲ. ‘ಲಿ’ ಕೆಳಗೆ ಪ ಒತ್ತು, ಅದರ ಕೆಳಗೆ ಟ ಒತ್ತು. ಸ್ಟೀಲಿನಲ್ಲಿ ಕತ್ತರಿಸಿದರೆ ಒತ್ತುಗಳು ಬೇರೆ ತುಂಡಾಗಿ ಮಳೆಗಾಲದಲ್ಲಿ ಉದುರುತ್ತವಂತೆ.

*

ನಿಘಂಟುಪ್ರಿಯ ಬರೆದದ್ದು:

ಅಂಕೀಯ ಶಿಲ್ಪಕಲೆ. ಇದರಲ್ಲಿ ಚರ್ಚಿಸುವುದು ಏನಿದೆ?

*

ಕುಂದಾಪ್ರದವ ಬರೆದದ್ದು:

ಉಡುಪಿಯಲ್ಲಿ ‘ಅಂಕೀಯ’ ಅಂತ ಬೋರ್ಡ್ ಹಾಕಿದರೆ ಜನ ಕಂಕುಳಲ್ಲಿ ಹುಂಜ ಹಿಡಿದುಕೊಂಡು ಬರುತ್ತಾರೆ. ಹಿಂದೆಯೇ ಪೊಲೀಸರೂ ಬರುತ್ತಾರೆ. ನಮ್ಮ ಕಡೆ ಅಂಕ ಎಂದರೆ ಕೋಳಿ ಅಂಕ, ಹುಂಜಗಳ ಕಾಳಗ, ರಾಯರೇ.

*

ಅಚ್ಚಗನ್ನಡಿಗ ಬರೆದದ್ದು:

ಅಂಕೀಯವೂ ಬೇಡ, ಶಿಲ್ಪವೂ ಬೇಡ. ಎಣಿಗೆತ್ತನೆ. ಎಣಿ+ಕೆತ್ತನೆ, ಕಕಾರಕ್ಕೆ ಗಕಾರ ಬಂದಿದೆ, ತಕರಾರಿಗೆ ಜಾಗ ಇಲ್ಲ. ಪ್ರಿಂಟ್ ಆಗಿ ಬರುತ್ತದಲ್ಲ, ಅದು ಪಡಿಯಚ್ಚು. ಅದರಿಂದ ಆಗುವುದು ಎರಕ. ಮೂರೂ ನಮ್ಮವೇ. ಬೋರ್ಡಿನಲ್ಲಿ ಶೇ 60 ಕನ್ನಡ ಇರಬೇಕು ಎಂದು ಕನ್ನಡ ಲಿಪಿಯಲ್ಲಿ ಇಂಗ್ಲಿಷ್ ಬರೆದು ತುಂಬಿಸುವ ಚಾಳಿ ಮೊದಲು ಬಿಡಿ.

*

ಶಾಸನದ ಹುಚ್ಚ ಬರೆದದ್ದು:

ಮೂರೂ ನಮ್ಮವೇ? ‘ಪಡಿ’ ಎಲ್ಲಿಂದ ಬಂತು ಸ್ವಾಮಿ? ಸಂಸ್ಕೃತದ ‘ಪ್ರತಿ’ಯಿಂದ. ಕಿಟ್ಟೆಲ್ 1894ರಲ್ಲೇ ಕೋಶ ಅಚ್ಚು ಹಾಕಿಸಿದ್ದಾರೆ, ತೆಗೆದು ನೋಡುವುದಕ್ಕೆ ಏನು ಕಷ್ಟ?

ಇನ್ನು ಕಡಲತಡಿಯವರಿಗೆ. ಮೊದಲು ನಿಮ್ಮ ಕಸುಬಿನ ಹೆಸರಿನ ಮಾತು. ಅಕ್ಕಸಾಲೆ. ‘ಅಕ್ಕಸಾಲಿ ಅಕ್ಕನ ಚಿನ್ನವನ್ನೂ ಬಿಡ’ ಎನ್ನುವ ಗಾದೆ ಹಿಡಿದು ಅಕ್ಕನಿಗೂ ಇದಕ್ಕೂ ಗಂಟು ಹಾಕುವವರು ಈ ಬಳಗದಲ್ಲೂ ಇದ್ದಾರೆ. ಅದು ಮಾತಿನ ಆಟ ಅಷ್ಟೆ. ಅರ್ಥಶಾಸ್ತ್ರದಲ್ಲಿ ಅಕ್ಷಶಾಲೆ ಎಂದರೆ ಚಿನ್ನದ ಕೆಲಸದ ಮನೆ, ಸುವರ್ಣಾಧ್ಯಕ್ಷನ ಕೈಕೆಳಗಿನದು. ತಮಿಳಿನಲ್ಲಿ ಅಕ್ಕಸಾಲೈ. ಅಕ್ಕಸಾಲೆ ಬಂದದ್ದು ಅಲ್ಲಿಂದ. ಅರ್ಕಶಾಲೆಯಿಂದ ಬಂತು ಅನ್ನುವವರಿಗೆ ನಾನು ಈಗಾಗಲೇ ನಾಲ್ಕು ಸಲ ಉತ್ತರ ಕೊಟ್ಟಿದ್ದೇನೆ.

ಇನ್ನು ಬೋರ್ಡಿನ ಪದದ ಮಾತು. ಹೊಯ್ಸಳರ ಕಾಲದ ಶಾಸನಗಳಲ್ಲಿ ಮೂರ್ತಿ ಮಾಡುವವನು ರೂವಾರಿ. ರೂಪಕಾರಿ ಸವೆದು ರೂವಾರಿ ಆಯಿತು. ಕಲ್ಲು, ಲೋಹ ಎಂಬ ಕಟ್ಟು ಆ ಪದದೊಳಗೆ ಇಲ್ಲ. ರೂಪು ಕೊಡುವವನು, ಅಷ್ಟೆ. ನಿಮ್ಮ ಕೆಲಸ ‘ರೂವಾರಿಕೆ’.

ಮೇಣ ಕರಗಿಸಿ ಎರಕ ಹೊಯ್ಯುವುದನ್ನು ಕಲ್ಯಾಣದ ಚಾಲುಕ್ಯ 3ನೇ ಸೋಮೇಶ್ವರ (ಆಳಿದ್ದು 1126–1138) ಮಾನಸೋಲ್ಲಾಸ ಎಂಬ ಸಂಸ್ಕೃತ ಗ್ರಂಥದಲ್ಲಿ ಬಿಡಿಸಿ ಬಿಡಿಸಿ ಬರೆದಿದ್ದಾನೆ. ಸಂಸ್ಕೃತದಲ್ಲಿ ಮೇಣಕ್ಕೆ ಮಧೂಚ್ಛಿಷ್ಟ ಎಂಬ ಪದ ಇದೆ, ಜೇನಿನ ಎಂಜಲು. ಮೇಣದ ಬೊಂಬೆ ತೂಗಿ, ಅದರ 16 ಪಟ್ಟು ಚಿನ್ನ ತೆಗೆದುಕೊ ಎನ್ನುತ್ತಾನೆ. ನಿಮ್ಮ ಕಂಪ್ಯೂಟರು ಹೊಸದಿರಬಹುದು, ಲೆಕ್ಕ ಹಳೆಯದೇ.

*

ಕಡಲತಡಿ ಬರೆದದ್ದು:

16 ಪಟ್ಟು ಓದಿ ಮೈ ಜುಮ್ಮೆಂದಿತು ಸಾರ್. ನಾವು ಈಗಲೂ ಮೇಣ ತೂಗಿಯೇ ಚಿನ್ನ ತೆಗೆಯುತ್ತೇವೆ. 22 ಕ್ಯಾರೆಟ್ಟಿಗೆ ಸುಮಾರು 18ರಿಂದ ಗುಣಿಸುತ್ತೇವೆ. ಪ್ರಿಂಟಿನ ರಾಳ ಮೇಣಕ್ಕಿಂತ ತೂಕ, ಅದಕ್ಕೆ ಲೆಕ್ಕ ಸ್ವಲ್ಪ ಇಳಿಯುತ್ತದೆ. ಅಪ್ಪನಿಗೆ ಓದಿ ಹೇಳಿದೆ. ‘ಆ ರಾಜ ಕುಲುಮೆ ಮುಂದೆ ಕೂತವನೇ ಇರಬೇಕು’ ಅಂದರು.

ಆದರೆ ರೂವಾರಿ ಬೋರ್ಡಿಗೆ ಕಷ್ಟ. ಪೇಪರಿನಲ್ಲಿ ದಿನಾ ‘ಗೆಲುವಿನ ರೂವಾರಿ’ ಬರುತ್ತದೆ. ಪಕ್ಷದ ಆಫೀಸು ಅಂದುಕೊಂಡು ಟಿಕೆಟ್ ಕೇಳಿಯಾರು.

ಎಣಿಗೆತ್ತನೆ ಬಗ್ಗೆ ಒಂದು ಸಂದೇಹ, ತಪ್ಪು ತಿಳಿಯಬೇಡಿ. ಕೆತ್ತುವುದು ಅಂದರೆ ಇರುವುದನ್ನು ತೆಗೆಯುವುದು ಅಲ್ವಾ? ಕೆತ್ತಿದ್ದು ವಾಪಸ್ ಬರುವುದಿಲ್ಲ. ನಾನು ಮಾಡುವುದರಲ್ಲಿ ತೆಗೆದಷ್ಟೇ ಸೇರಿಸುವುದೂ ಇದೆ.

*

ಮಲೆನಾಡ ಮೂಲೆ ಬರೆದದ್ದು:

ಸರಿಯಾಗಿ ಹೇಳಿದಿರಿ ತಂಗಿ. ಕಲ್ಲಿಗೆ ಕೆತ್ತು, ಮಣ್ಣಿಗೆ ಮೆತ್ತು. ಇದು ಎರಡೂ ಅಲ್ಲ. ನಿಮ್ಮ ಅಪ್ಪ ಮೇಣದ ಮೇಲೆ ಕೈಯಲ್ಲಿ ಕೆಲಸ ಮಾಡುವಾಗ ಏನೆನ್ನುತ್ತಾರೆ? ಅದನ್ನು ಯಾರೂ ಕೇಳಲೇ ಇಲ್ಲವಲ್ಲ.

*

ಅಚ್ಚಗನ್ನಡಿಗ ಬರೆದದ್ದು:

ಕೆತ್ತನೆಗೆ ಹುರುಳು ಹಿಗ್ಗಿದೆ. ಮರ, ಕಲ್ಲು, ಲೋಹ ಎಲ್ಲಕ್ಕೂ ಹೇಳುತ್ತೇವೆ. ಚಿನ್ನಕ್ಕೆ ಹರಳು ಕೆತ್ತುವುದು ಎನ್ನುವುದಿಲ್ಲವೇ? ಅಲ್ಲಿ ತೆಗೆಯುವುದೋ ಸೇರಿಸುವುದೋ?

ಪಡಿ ಬಗ್ಗೆ: ತದ್ಭವ ಆದಮೇಲೆ ಅದು ನಮ್ಮದು.

*

ಶಾಸನದ ಹುಚ್ಚ ಬರೆದದ್ದು:

ಓಹೋ. ಸಾವಿರ ವರ್ಷದ ಹಿಂದೆ ಬಂದದ್ದು ನಮ್ಮದು, ಮೊನ್ನೆ ಬಂದದ್ದು ಪರರದ್ದು. ಗಡಿ ಯಾವ ಇಸವಿಗೆ ಹಾಕಿದ್ದೀರಿ? ಹೇಳಿದರೆ ಬರೆದಿಟ್ಟುಕೊಳ್ಳುತ್ತೇನೆ.

*

ವಿಜಯಪುರದಾಂವ ಬರೆದದ್ದು:

ಜಗಳಾ ಚೊಲೋ ನಡದದ. ನಂದೂ ಒಂದು ಇರಲಿ. ನಮ್ಮ ಕಡೆ ಚಿನ್ನದ ಕೆಲಸದವರಿಗೆ ಪತ್ತಾರ ಅಂತೀವಿ. ಅವರ ಬಾಯಾಗಿನ ಪದ ಒಂದೊಂದೇ ತಗೊಂಡು ನೋಡ್ರಿ. ನಕಾಸಿ ಅರಬ್ಬಿ ಮೂಲದ್ದು, ನಕ್ಕಾಶ್ ಅಂದರ ಚಿತ್ರ ತೆಗೆಯಾಂವ. ಬಣ್ಣ ತುಂಬೋ ಮೀನಾ ಫಾರ್ಸಿ. ಮೇಣ ಪ್ರಾಕೃತದ ಮಯಣ, ಮರಾಠಿಯೊಳಗೂ ಮೇಣ. ಬಂಗಾರ ಸೈತ ಭೃಂಗಾರದಿಂದ ಬಂತು ಅಂತಾರ. ಹೊನ್ನು ಅಷ್ಟ ನಮ್ಮದು. ಪತ್ತಾರರು ಒಂದು ಪದಕ್ಕೂ ಪಾಸ್‌ಪೋರ್ಟ್ ಕೇಳಲಿಲ್ಲ. ಕೈಗೆ ಒಗ್ಗಿತು, ಇಟ್ಟುಕೊಂಡರು.

*

ಅಚ್ಚಗನ್ನಡಿಗ ಬರೆದದ್ದು:

ಹಾಗಾದರೆ ಪದ ಕಟ್ಟುವ ಕೆಲಸವೇ ಬೇಡ ಎನ್ನಿ. ಈ ಬಳಗಕ್ಕೆ ಬೀಗ ಹಾಕಿ ಹೋಗೋಣ.

‘ಒಡವೆ’ ಬಿಟ್ಟಿರಿ. ಅದು ಯಾರಿಂದಲೂ ಬಂದದ್ದಲ್ಲ. ಒಡೆಯ, ಒಡೆತನ, ಒಡವೆ ಒಂದೇ ಬೇರಿನವು. ಒಬ್ಬನ ಪಾಲಿಗೆ ಇರುವುದು ಒಡವೆ. ಆಭರಣ ಎಂದು ಬರೆದಿದ್ದರೆ ಈ ತಂಗಿಯ ಮೇಲೂ ಸಿಟ್ಟು ಬರುತ್ತಿತ್ತು.

*

ನಿಘಂಟುಪ್ರಿಯ ಬರೆದದ್ದು:

ಅಂಕೀಯ ಶಿಲ್ಪಕಲೆ ಎಂದು ನಾನು ಮೊದಲೇ ಹೇಳಿದ್ದೆ.

*

ಕಡಲತಡಿ ಬರೆದದ್ದು:

ಮಲೆನಾಡಿನ ಅಣ್ಣ ಹೇಳಿದ ಹಾಗೆ ಅಪ್ಪನನ್ನು ಕೇಳಿದೆ. ನನಗೇ ನಾಚಿಕೆ ಆಯಿತು, ಇಷ್ಟು ದಿನ ಕೇಳಿರಲಿಲ್ಲ. ಅವರು ಅರ ಕೆಳಗೂ ಇಡದೆ ‘ತಿದ್ದೋದು’ ಅಂದರು. ಮೇಣ ತಿದ್ದುವುದು. ಹೆಡೆ ಸರಿ ಬರದಿದ್ದರೆ ‘ಇನ್ನೊಂದು ಸಲ ತಿದ್ದು’ ಎಂದು ನನಗೂ ದಿನಾ ಹೇಳುತ್ತಾರೆ, ಕಂಪ್ಯೂಟರ್ ನೋಡಿಕೊಂಡೇ. ಕಿವಿಗೆ ಬಿದ್ದೂ ಬಿದ್ದೂ ಪದ ಅಂತ ಅನ್ನಿಸಿರಲೇ ಇಲ್ಲ.

ಚೌತಿಗೆ ಗಣಪತಿ ಮಾಡುವವರೂ ಮಣ್ಣನ್ನು ತಿದ್ದುತ್ತಾರೆ. ಮಕ್ಕಳು ಅಕ್ಷರ ತಿದ್ದುತ್ತಾರೆ, ಅಕ್ಕಿಯ ಮೇಲೆ ಬೆರಳಿನಲ್ಲಿ. ತಪ್ಪಾದರೆ ಅಳಿಸಿ ಮತ್ತೆ ತಿದ್ದಬಹುದು. ನನ್ನ ಕೆಲಸವೂ ಹಾಗೇ. ತೆಗೆದರೂ ತಿದ್ದಿದ್ದೇ, ಸೇರಿಸಿದರೂ ತಿದ್ದಿದ್ದೇ.

ಬೋರ್ಡಿಗೆ ಹೀಗೆ ಕೊಟ್ಟಿದ್ದೇನೆ: ‘ಕಂಪ್ಯೂಟರಿನಲ್ಲಿ ತಿದ್ದಿ, ಕೈಯಲ್ಲಿ ಮುಗಿಸಿದ ಒಡವೆ’. ಸ್ವಲ್ಪ ಉದ್ದ ಆಯಿತು. ಆದರೆ ಎರಡು ಹಂತದ ಒತ್ತು ಎಲ್ಲೂ ಇಲ್ಲ, ಬೋರ್ಡಿನವರು ಖುಷಿ.

*

ಅಚ್ಚಗನ್ನಡಿಗ ಬರೆದದ್ದು:

ತಿದ್ದು ಚೆನ್ನಾಗಿದೆ, ಒಪ್ಪಿದೆ. ‘ಕಂಪ್ಯೂಟರಿನಲ್ಲಿ’ ಯಾಕೆ? ‘ತೆರೆಯಲ್ಲಿ’ ಸಾಕಿತ್ತು.

*

ಕುಂದಾಪ್ರದವ ಬರೆದದ್ದು:

ತೆರೆಯಲ್ಲಿ ತಿದ್ದಿದ್ದು ಅಂದರೆ ಕಡಲಿಗೆ ಹೋಗಿ ಮಾಡಿದ್ದು ಅಂದುಕೊಳ್ಳುತ್ತಾರೆ, ಉಡುಪಿ ಮಾರಾಯ್ರೆ.

*

ಶಾಸನದ ಹುಚ್ಚ ಬರೆದದ್ದು:

ತಿದ್ದುವುದರಲ್ಲಿ ಮೊದಲೇ ತಪ್ಪಿತ್ತು ಎಂಬ ಧ್ವನಿ ಇದೆ. ರೂವಾರಿಯಲ್ಲಿ ಅದು ಇಲ್ಲ. ಆದರೂ ಅಕ್ಷರ ಕತ್ತರಿಸಿ ಆಗಿದ್ದರೆ ಇರಲಿ ಬಿಡಿ.

*

ಮಲೆನಾಡ ಮೂಲೆ ಬರೆದದ್ದು:

ವಿಜಯಪುರದವರಿಗೆ ಒಂದು ಪ್ರಶ್ನೆ. ನಮ್ಮ ಕಡೆ ಮೇಣ ಅಂದ ಕೂಡಲೆ ನೆನಪಾಗುವುದು ಹಲಸಿನ ಮೇಣ, ಜೇನುಮೇಣ ಆಮೇಲೆ. ನಿಮ್ಮ ಮಯಣ ಜೇನಿನದೇ ಇರಬೇಕು. ಹಾಗಾದರೆ ಹಲಸಿನ ಹಾಲಿಗೆ ಆ ಹೆಸರು ಯಾವಾಗ ಅಂಟಿತು? ಬೇಕಿದ್ದರೆ ಬೇರೆ ಎಳೆ ಶುರು ಮಾಡುತ್ತೇನೆ.