80 ವ್ಯಾಟ್ ಗ್ರೋ ಲೈಟ್ ಹಾಕಿದರೂ ಕರಿಬೇವು ಎಲೆ ಉದುರಿಸುತ್ತಿದೆ, ಏನು ಮಾಡಲಿ?

ನೇಪರ್‌ವಿಲ್_ಕರಿಬೇವು:
ಎಲ್ಲರಿಗೂ ನಮಸ್ಕಾರ. ನಾವಿರುವುದು ಚಿಕಾಗೋ ಹತ್ತಿರ. ಬೇಸಿಗೆಯಲ್ಲಿ ಹೊರಗೆ ಡೆಕ್ ಮೇಲೆ ಸೊಂಪಾಗಿದ್ದ ಕರಿಬೇವಿನ ಗಿಡವನ್ನು ಚಳಿ ಶುರುವಾದ ಮೇಲೆ ಒಳಗೆ ತಂದಿಟ್ಟಿದ್ದೇನೆ. ಎರಡೂವರೆ ಅಡಿ ಎತ್ತರ ಇದೆ. ಪೂರ್ವದ ಕಿಟಕಿ ಪಕ್ಕದಲ್ಲೇ ಇದ್ದರೂ ಬಿಸಿಲು ಸಾಲದು ಅಂತ ನಾಲ್ಕು ಕೈಗಳಿರುವ ನೇರಳೆ ಬಣ್ಣದ ಕ್ಲಿಪ್ ಲೈಟ್ ತರಿಸಿದೆ. ಡಬ್ಬದ ಮೇಲೆ 80 ವ್ಯಾಟ್, ಫುಲ್ ಸ್ಪೆಕ್ಟ್ರಮ್ ಅಂತೆಲ್ಲ ಇದೆ. ದಿನಕ್ಕೆ 12 ಗಂಟೆ ಉರಿಯುತ್ತದೆ. ಆದರೂ ಕೆಳಗಿನ ಎಲೆಗಳು ಹಳದಿಯಾಗಿ ಉದುರುತ್ತಿವೆ. ತುದಿಯ ಚಿಗುರು ಸಣಕಲಾಗಿ ಉದ್ದಕ್ಕೆ ಬೆಳೆದು ಕಿಟಕಿ ಕಡೆ ವಾಲಿದೆ. ಹುಳಿ ಮಜ್ಜಿಗೆ ಹಾಕು ಅಂತ ಅಮ್ಮ ಫೋನಿನಲ್ಲಿ ಹೇಳ್ತಾನೇ ಇದ್ದಾರೆ. ಇದಕ್ಕಿಂತ ದೊಡ್ಡ ಲೈಟ್ ಬೇಕಾ? ಬೇಕಾದರೆ ಏನು ನೋಡಿ ಕೊಳ್ಳಬೇಕು?

ತುಮಕೂರು_ಟೆರೇಸ್:
ಮೊದಲು ಎರಡು ವಿಷಯ ಹೇಳಿ. ಲೈಟಿನ ಅಡಾಪ್ಟರ್ ಮೇಲೆ ಸಣ್ಣ ಅಕ್ಷರದಲ್ಲಿ 'ಔಟ್‌ಪುಟ್' ಅಂತ ಇರುತ್ತದಲ್ಲ, ಅಲ್ಲಿ ಏನಿದೆ? ಮತ್ತೆ, ನೀರು ಹೇಗೆ ಹಾಕ್ತಿದ್ದೀರಿ?

ನೇಪರ್‌ವಿಲ್_ಕರಿಬೇವು:
ಭೂತಗನ್ನಡಿ ಹಿಡಿದು ಓದಿದೆ ಸರ್ 😀 5 ವೋಲ್ಟ್, 2 ಆಂಪ್. ಲೈಟು ಗಿಡದ ತುದಿಯಿಂದ ಒಂದೂವರೆ ಅಡಿ ಮೇಲಿದೆ. ನೀರು ಬೇಸಿಗೆಯಲ್ಲಿ ಹಾಕುತ್ತಿದ್ದ ಹಾಗೇ, ದಿನ ಬಿಟ್ಟು ದಿನ. ಮೇಲೆ ಮಣ್ಣು ಒಣಗಿದ ಹಾಗೆ ಕಾಣುತ್ತೆ, ಬೆರಳು ಹಾಕಿದರೆ ಒಳಗೆ ಹಸಿ.

ತುಮಕೂರು_ಟೆರೇಸ್:
ಹಾಗಾದರೆ ತೊಂದರೆ ಎರಡಿದೆ, ಒಂದು ಲೈಟಿನದು, ಒಂದು ನೀರಿನದು.

ಲೈಟಿನದು ಮೊದಲು. 5 ವೋಲ್ಟ್ ಗುಣಿಸು 2 ಆಂಪ್ ಅಂದರೆ 10 ವ್ಯಾಟ್. ಆ ಅಡಾಪ್ಟರ್ ಅದಕ್ಕಿಂತ ಜಾಸ್ತಿ ಕೊಡುವ ಹಾಗೇ ಇಲ್ಲ. ಡಬ್ಬದ ಮೇಲಿನ 80 ಎಲ್ಲಿಂದ ಬಂತು ಅಂತ ತಲೆ ಕೆಡಿಸಿಕೊಳ್ಳಬೇಡಿ. ಒಳಗಿರುವ ಒಂದೊಂದು ಎಲ್ಇಡಿಗೂ ಒಂದು ವ್ಯಾಟ್ ಅಂತ ಎಣಿಸಿ ಬರೆಯುವುದು, 'ಇಷ್ಟು ವ್ಯಾಟ್ ಬಲ್ಬಿಗೆ ಸಮ' ಅಂತ ಬರೆಯುವುದು, ಎಲ್ಲ ನಡೆಯುತ್ತೆ. ನೋಡಬೇಕಾದ್ದು ಗೋಡೆಯ ಪ್ಲಗ್ಗಿನಿಂದ ಅದು ನಿಜವಾಗಿ ಎಳೆಯುವ ವ್ಯಾಟ್.

ಗಿಡಕ್ಕೆ ಲೆಕ್ಕ ಬರುವುದು ಎಲೆಯ ಮೇಲೆ ಬೀಳುವ ಬೆಳಕು. ಒಂದು ಚದರ ಮೀಟರಿಗೆ ಸೆಕೆಂಡಿಗೆ ಎಷ್ಟು ಮೈಕ್ರೋಮೋಲ್ ಅಂತ ಅಳೆಯುತ್ತಾರೆ, ಅದನ್ನೇ ಪಿಪಿಎಫ್‌ಡಿ ಅನ್ನುವುದು. ಮಧ್ಯಾಹ್ನದ ನೆತ್ತಿ ಬಿಸಿಲು ಸುಮಾರು 2000. ನಿಮ್ಮ 10 ವ್ಯಾಟ್ ಲೈಟು ಒಂದೂವರೆ ಅಡಿ ಮೇಲಿಂದ ಕೊಡುವುದು ನನ್ನ ಅಂದಾಜಿನಲ್ಲಿ 20ರ ಆಸುಪಾಸು. 12 ಗಂಟೆ ಉರಿಸಿದರೂ ಇಡೀ ದಿನಕ್ಕೆ ಒಂದು ಮೋಲ್ (ಹತ್ತು ಲಕ್ಷ ಮೈಕ್ರೋಮೋಲ್) ಆಗಲ್ಲ. ಇದೇ ಗಿಡ ಜೂನ್‌ನಲ್ಲಿ ಡೆಕ್ ಮೇಲೆ ದಿನಕ್ಕೆ 40 ಮೋಲ್ ತಿನ್ನುತ್ತಿತ್ತು. ಚಿಗುರು ಲೈಟನ್ನು ಬಿಟ್ಟು ಕಿಟಕಿ ಕಡೆ ವಾಲಿದೆ ಅಂದಿರಲ್ಲ, ಗಿಡವೇ ನಿಮಗೆ ಉತ್ತರ ಹೇಳಿದೆ. ಡಿಸೆಂಬರಿನಲ್ಲಿ ಚಿಕಾಗೋದ ಹಗಲು ಒಂಬತ್ತು ಗಂಟೆ ಚಿಲ್ಲರೆ. ಆ ಮಂಕು ಬೆಳಕೇ ಅದಕ್ಕೆ ಲೈಟಿಗಿಂತ ಹಿತ ಅನಿಸಿದೆ.

ಕೊಳ್ಳುವುದಾದರೆ ಬಿಳಿ ಬೆಳಕಿನದೇ ಕೊಳ್ಳಿ. ಬೆಳಕಿನ ಛಾಯೆಯನ್ನು ಕೆಲ್ವಿನ್‌ನಲ್ಲಿ ಬರೆದಿರುತ್ತಾರೆ, 3500ರಿಂದ 5000 ಒಳಗೆ ಯಾವುದಾದರೂ ಸರಿ. ನೇರಳೆ ಲೈಟಿನಲ್ಲಿ ಗಿಡ ಬೆಳೆಯಲ್ಲ ಅಂತಲ್ಲ. ಕೆಂಪು, ನೀಲಿ ಎರಡನ್ನೂ ಎಲೆ ಚೆನ್ನಾಗಿ ಹೀರುತ್ತದೆ. ಆದರೆ ಆ ಬೆಳಕಿನಲ್ಲಿ ಎಲೆ ಹಳದಿಯಾಗಿದೆಯೋ ಹುಳ ಹತ್ತಿದೆಯೋ ಒಂದೂ ಗೊತ್ತಾಗಲ್ಲ. ಮನೆಯಲ್ಲಿ ಕೂತವರಿಗೂ ತಲೆನೋವು. 'ಫುಲ್ ಸ್ಪೆಕ್ಟ್ರಮ್' ಅನ್ನುವ ಮಾತಿಗೆ ಬೆಲೆ ಕೊಡಬೇಡಿ, ಎಲ್ಲರೂ ಅದನ್ನೇ ಬರೀತಾರೆ.

ಒಂದು ಕುಂಡಕ್ಕೆ ನಿಜವಾದ 40 ವ್ಯಾಟಿನ ಪ್ಯಾನೆಲ್ ಸಾಕು. ಒಂದು ವ್ಯಾಟಿಗೆ ಎಷ್ಟು ಬೆಳಕು ಅನ್ನುವುದನ್ನು 'ಜೂಲ್‌ಗೆ ಇಷ್ಟು ಮೈಕ್ರೋಮೋಲ್' ಅಂತ ಕೊಟ್ಟಿರುತ್ತಾರೆ. 2ಕ್ಕಿಂತ ಮೇಲಿರಲಿ. ಆ ಅಂಕಿಯನ್ನೇ ಕೊಡದವರ ಲೈಟನ್ನು ನಾನಂತೂ ಮುಟ್ಟಲ್ಲ. ಅಂಥ ಪ್ಯಾನೆಲ್ ಎರಡು ಅಡಿ ಚೌಕದ ಮೇಲೆ ಸುಮಾರು 170-180 ಪಿಪಿಎಫ್‌ಡಿ ಕೊಡುತ್ತದೆ. ದಿನಕ್ಕೆ 14 ಗಂಟೆ ಉರಿಸಿದರೆ 9 ಮೋಲ್ ಆಯಿತು. ಚಳಿಗಾಲ ದಾಟಿಸಲು ಕರಿಬೇವಿಗೆ ಅಷ್ಟು ಧಾರಾಳ. ಕರೆಂಟು ತಿಂಗಳಿಗೆ 17 ಯೂನಿಟ್, ನಿಮ್ಮಲ್ಲಿ ಮೂರು ಡಾಲರ್ ಆಸುಪಾಸು ಆಗಬಹುದು. ಸುರಕ್ಷತೆಗೆ ಯುಎಲ್ ಅಥವಾ ಇಟಿಎಲ್ ಗುರುತು ಇದೆಯಾ ನೋಡಿಕೊಳ್ಳಿ. ದಿನವಿಡೀ ಉರಿಯುವ ವಸ್ತು ಅಲ್ವಾ.

ಇನ್ನು ನೀರು. ಬೆಳಕು ಕಮ್ಮಿಯಾದರೆ ಗಿಡ ಕುಡಿಯುವುದೂ ಕಮ್ಮಿ. ಬೇರು ಹಸಿಯಲ್ಲೇ ಕೂತರೆ ಕೆಳಗಿನ ಎಲೆ ಹಳದಿಯಾಗುವುದು ಸಹಜ. ಮೇಲಿನ ಎರಡು ಇಂಚು ಪೂರ್ತಿ ಒಣಗುವವರೆಗೆ ನೀರು ಮುಟ್ಟಿಸಬೇಡಿ.

ಮಲೆನಾಡ್_ಮನೆಮದ್ದು:
ಸರ್ ಹೇಳಿದ್ದು ಸರಿ, ಆದರೆ ಲೈಟ್ ತರಿಸುವ ಮೊದಲು ಎಲೆ ತಿರುಗಿಸಿ ನೋಡಿ ಮೇಡಂ. ಹೀಟರ್ ಹಾಕಿದ ಮನೆಯ ಒಣ ಗಾಳಿಯಲ್ಲಿ ನುಸಿ ಬೇಗ ಹತ್ತುತ್ತೆ. ಎಲೆ ಹಿಂದೆ ಸಣ್ಣ ಬಲೆ, ಮೇಲೆ ಸೂಜಿ ಚುಚ್ಚಿದ ಹಾಗೆ ಬಿಳಿ ಚುಕ್ಕೆ ಇದ್ದರೆ ಅದೇ. ಎಲೆ ಅಂಟಂಟಾಗಿ, ಕಾಂಡದ ಮೇಲೆ ಕಂದು ಬಣ್ಣದ ಚಿಪ್ಪು ಕೂತಿದ್ದರೆ ಶಲ್ಕ ಕೀಟ. ರಾತ್ರಿ ಕಿಟಕಿ ಗಾಜಿಗೆ ಗಿಡ ತಾಗದ ಹಾಗೂ ಇಡಿ, ಕರಿಬೇವಿಗೆ ಚಳಿ ಆಗಿಬರಲ್ಲ. ಮಜ್ಜಿಗೆ ಊರಲ್ಲಿ, ನೆಲದಲ್ಲಿರುವ ಗಿಡಕ್ಕೆ ಸರಿ. ಮನೆಯೊಳಗಿನ ಕುಂಡಕ್ಕೆ ಹಾಕಿದರೆ ವಾಸನೆ, ಜೊತೆಗೆ ಗುಂಗಾಡು. ಅಮ್ಮನಿಗೆ ಹಾಕಿದೆ ಅಂತ ಹೇಳಿಬಿಡಿ 😄

ಟ್ಯಾಂಪಾ_ತೋಟ:
ಇಷ್ಟೆಲ್ಲ ಯಾಕೆ? ಫ್ಲೋರಿಡಾ ಕಡೆ ಬಂದಾಗ ಹೊಸ ಗಿಡ ತಗೊಂಡು ಹೋಗಿ.

ತುಮಕೂರು_ಟೆರೇಸ್:
ಅದು ಬೇಡ. ಕರಿಬೇವು ನಿಂಬೆಯ ಕುಟುಂಬಕ್ಕೇ ಸೇರಿದ್ದು. ನಿಂಬೆ, ಕಿತ್ತಳೆಗೆ ಗ್ರೀನಿಂಗ್ ರೋಗ ಹರಡುವ ಸಿಲ್ಲಿಡ್ ಕೀಟ ಇದರ ಮೇಲೂ ಕೂರುತ್ತೆ. ಅದಕ್ಕೇ ಫ್ಲೋರಿಡಾದಿಂದ ಗಿಡವನ್ನು ಸುಮ್ನೆ ಕಾರಿನಲ್ಲಿ ಹಾಕಿಕೊಂಡು ಹೋಗುವ ಹಾಗಿಲ್ಲ, ಕ್ವಾರಂಟೈನ್ ನಿಯಮ ಇದೆ.

ವಿಜಯನಗರ_ಬಾಲ್ಕನಿ:
ಮಧ್ಯೆ ಬಾಯಿ ಹಾಕ್ತಿದ್ದೇನೆ, ಕ್ಷಮಿಸಿ. ನಮ್ಮದು ಬೆಂಗಳೂರು, ಉತ್ತರದ ಬಾಲ್ಕನಿ, ಎದುರಿಗೇ ಇನ್ನೊಂದು ಕಟ್ಟಡ. ಕೊತ್ತಂಬರಿಗೆ ಮಾಮೂಲಿ ಟ್ಯೂಬ್‌ಲೈಟ್ ನಡೆಯುತ್ತಾ? 24 ಗಂಟೆ ಉರಿಸಿದರೆ ಬೇಗ ಬರುತ್ತಾ?

ತುಮಕೂರು_ಟೆರೇಸ್:
ಧಾರಾಳವಾಗಿ ನಡೆಯುತ್ತೆ. 20 ವ್ಯಾಟಿನ ನಾಲ್ಕಡಿ ಎಲ್ಇಡಿ ಬ್ಯಾಟನ್ ಎರಡು, ಪಕ್ಕಪಕ್ಕದಲ್ಲಿ, ಎಲೆಯಿಂದ ಆರೆಂಟು ಇಂಚು ಮೇಲೆ. ಗಿಡ ಬೆಳೆದ ಹಾಗೆ ಮೇಲಕ್ಕೆತ್ತಿ. ಆದರೆ 24 ಗಂಟೆ ಬೇಡವೇ ಬೇಡ. ಹಗಲು ಉದ್ದವಾದರೆ ಕೊತ್ತಂಬರಿ ಸೊಪ್ಪು ಬಿಡುವುದು ಬಿಟ್ಟು ಹೂವಿಗೆ ಹೋಗುತ್ತೆ. 12 ಗಂಟೆ ಸಾಕು. ಸೇವಂತಿಗೆ ಇದಕ್ಕೆ ತದ್ವಿರುದ್ಧ. ಚಿಕ್ಕಬಳ್ಳಾಪುರದ ಕಡೆ ರಾತ್ರಿ ಹೊಲದ ತುಂಬ ಬಲ್ಬ್ ಉರಿಯುವುದನ್ನು ನೋಡಿರಬಹುದು. ಅಲ್ಲಿ ಬೆಳಕು ಕೊಟ್ಟು ಹೂವನ್ನು ತಡೆದು ಹಿಡಿಯುತ್ತಾರೆ, ಗಿಡ ಮೊದಲು ಮೈ ತುಂಬಿಕೊಳ್ಳಲಿ ಅಂತ.

ನೇಪರ್‌ವಿಲ್_ಕರಿಬೇವು:
ಅಪ್‌ಡೇಟ್: ಎಲೆ ಹಿಂದೆ ನುಸಿ ಇರಲಿಲ್ಲ. 40 ವ್ಯಾಟಿನ ಬಿಳಿ ಪ್ಯಾನೆಲ್ ಬಂತು, ಟೈಮರ್ ಹಾಕಿದೆ. ಬೆಳಕು ಅಳೆಯುವ ಫೋನಿನ ಲಕ್ಸ್ ಆಪ್ ಗಿಡದ ತುದಿಯಲ್ಲಿ 12,000, ಕೆಳಗಿನ ಕೊಂಬೆಯ ಹತ್ತಿರ 4,000 ತೋರಿಸುತ್ತಿದೆ. ಇದು ನಂಬಬಹುದಾ? ಹಳದಿ ಎಲೆ ಮತ್ತೆ ಹಸಿರಾಗುತ್ತಾ?

ತುಮಕೂರು_ಟೆರೇಸ್:
ಬಿಳಿ ಎಲ್ಇಡಿಗೆ ಲಕ್ಸನ್ನು 70ರಿಂದ ಭಾಗಿಸಿದರೆ ಪಿಪಿಎಫ್‌ಡಿ ಹತ್ತಿರ ಹತ್ತಿರ ಸಿಗುತ್ತೆ. ನಿಮ್ಮದು 170. ಫೋನಿನ ಸೆನ್ಸರ್ ಅಷ್ಟು ಕರಾರುವಾಕ್ಕಲ್ಲ, ಆದರೂ ಅಂದಾಜಿಗೆ ಸಾಕು. ನೇರಳೆ ಲೈಟಿಗೆ ಮಾತ್ರ ಈ ಲೆಕ್ಕ ನಡೆಯಲ್ಲ, ಏಕೆಂದರೆ ಲಕ್ಸ್ ಅನ್ನುವುದು ನಮ್ಮ ಕಣ್ಣಿನ ಅಳತೆ.

ಮೊದಲ ವಾರ ಪ್ಯಾನೆಲ್ ಈಗಿರುವುದಕ್ಕಿಂತ ಒಂದಡಿ ಮೇಲಕ್ಕಿಡಿ, ಆಮೇಲೆ ಇಳಿಸಿ. ಮಂಕಿನಲ್ಲಿದ್ದ ಎಲೆ ಒಮ್ಮೆಲೇ ಇಷ್ಟು ಬೆಳಕು ಬಿದ್ದರೆ ಬಿಳಚಿಕೊಳ್ಳಬಹುದು. ಕುಂಡವನ್ನು ಆಗಾಗ ತಿರುಗಿಸುತ್ತಿರಿ. ಹಳದಿ ಎಲೆ ವಾಪಸ್ ಹಸಿರಾಗಲ್ಲ, ಅದು ಉದುರಲಿ ಬಿಡಿ. ಹೊಸ ಚಿಗುರಿನಲ್ಲಿ ಎಲೆಯಿಂದ ಎಲೆಗೆ ಅಂತರ ಕಮ್ಮಿ ಬಂದರೆ ಬೆಳಕು ಸಾಕಾಗಿದೆ ಅಂತ ಲೆಕ್ಕ. ಗೊಬ್ಬರ ಈಗ ಬೇಡ. ಆ ಸಣಕಲು ತುದಿಯನ್ನು ಮಾರ್ಚ್‌ನಲ್ಲಿ ಕತ್ತರಿಸಿ, ಪಕ್ಕದಿಂದ ಕವಲು ಒಡೆಯುತ್ತೆ.